ತರಕಾರಿ ಬೆಳೆಗೆ ಸೂಕ್ಷ್ಮಾಣು ಗೊಬ್ಬರ: ಆಯ್ಕೆಯಿಂದ ಪರೀಕ್ಷೆಯವರೆಗೆ

ಸೂಕ್ಷ್ಮಾಣು ಗೊಬ್ಬರದ 200 ಗ್ರಾಂ ಪೊಟ್ಟಣವೊಂದನ್ನು ಬಿಚ್ಚಿದರೆ ಕಾಣುವುದು ತುಸು ತೇವವಿರುವ ಕಪ್ಪು ಅಥವಾ ಕಂದು ಪುಡಿ. ಆ ಪುಡಿ ಲಿಗ್ನೈಟ್, ಪೀಟ್ ಅಥವಾ ಅಂಥದೇ ಬೇರೊಂದು ವಾಹಕ, ಅಂದರೆ ಜೀವಂತ ಸೂಕ್ಷ್ಮಾಣುಗಳನ್ನು ಹೊತ್ತಿರುವ ವಸ್ತುವಾಗಿದ್ದು, ಗಿಡಕ್ಕೆ ನೇರವಾಗಿ ದಕ್ಕುವ ಸಾರಜನಕವಾಗಲಿ ರಂಜಕವಾಗಲಿ ಅದರಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ಪ್ರತಿ ಗ್ರಾಮಿಗೆ 5 ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿವೆ ಎಂದು ಹಿಡಿದರೆ ಇಡೀ ಪೊಟ್ಟಣದಲ್ಲಿ 1,000 ಕೋಟಿ ಜೀವಕೋಶಗಳಾಗುತ್ತವೆ. ಸಂಖ್ಯೆ ದೊಡ್ಡದೇ, ಆದರೆ ಒಂದು ಬ್ಯಾಕ್ಟೀರಿಯಾದ ತೂಕ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲಿನ ಆಸುಪಾಸಿನಲ್ಲಿರುವುದರಿಂದ ಅಷ್ಟನ್ನೂ ಒಟ್ಟುಗೂಡಿಸಿದರೂ ಸುಮಾರು 10 ಮಿಲಿಗ್ರಾಂ ತೂಗುತ್ತದೆ. ಇತ್ತ ಒಂದು ಎಕರೆಯ ಮೇಲ್ಮಣ್ಣನ್ನು 15 ಸೆಂ.ಮೀ. ಆಳದವರೆಗೆ ಲೆಕ್ಕ ಹಾಕಿದರೆ ಅದರ ತೂಕ 800ರಿಂದ 900 ಟನ್. ಫಲವತ್ತಾದ ಮಣ್ಣಿನ ಒಂದೊಂದು ಗ್ರಾಮಿನಲ್ಲಿಯೂ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳು ಮೊದಲೇ ಮನೆ ಮಾಡಿಕೊಂಡಿರುತ್ತವೆ.

ಸೂಕ್ಷ್ಮಾಣು ಗೊಬ್ಬರವನ್ನು ಹೇಗೆ ಬಳಸಬೇಕು ಎಂಬುದರ ಬಹುಪಾಲು ಉತ್ತರ ಈ ಲೆಕ್ಕದಲ್ಲಿಯೇ ಇದೆ. ಹತ್ತು ಮಿಲಿಗ್ರಾಂ ಜೀವಿಗಳನ್ನು ನೂರಾರು ಟನ್ ಮಣ್ಣಿನ ಮೇಲೆ ಬರಿದೇ ಎರಚಿದರೆ ಅವು ಸ್ಥಳೀಯ ಜೀವಿಗಳ ಪೈಪೋಟಿಯಲ್ಲಿ, ಬಿಸಿಲಿನಲ್ಲಿ, ಹಸಿವಿನಲ್ಲಿ ಕೆಲವೇ ದಿನಗಳಲ್ಲಿ ಕರಗಿಹೋಗುತ್ತವೆ. ಅದೇ ಹತ್ತು ಮಿಲಿಗ್ರಾಮನ್ನು ಬೀಜದ ಸಿಪ್ಪೆಗೋ ಎಳೆಯ ಬೇರಿಗೋ ಅಂಟಿಸಿದರೆ, ಬೇರು ಒಸರುವ ಸಕ್ಕರೆ ಮತ್ತು ಆಮ್ಲಗಳು ಮೊದಲು ಅವುಗಳ ಪಾಲಾಗುತ್ತವೆ ಮತ್ತು ಬೇರು ಬೆಳೆದಂತೆ ಅವೂ ಬೆಳೆಯುತ್ತವೆ. ಬೇರಿನ ಸುತ್ತಲಿನ ಈ ತೆಳುವಾದ ಮಣ್ಣಿನ ಪದರಕ್ಕೆ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ 1904ರಲ್ಲಿ 'ರೈಜೋಸ್ಫಿಯರ್' ಎಂಬ ಹೆಸರು ಕೊಟ್ಟರು. ಕನ್ನಡದಲ್ಲಿ ಬೇರುವಲಯ ಎನ್ನಬಹುದು. ಮುಂದೆ ಹೇಳಲಿರುವ ವಿಧಾನಗಳೆಲ್ಲವೂ ಕೆಲವೇ ಮಿಲಿಗ್ರಾಂ ಜೀವಿಗಳನ್ನು ಜೀವಂತವಾಗಿ ಬೇರುವಲಯಕ್ಕೆ ತಲುಪಿಸುವ ಮತ್ತು ಅಲ್ಲಿ ಅವು ಹಸಿದು ಸಾಯದಂತೆ ನೋಡಿಕೊಳ್ಳುವ ಉಪಾಯಗಳಾಗಿವೆ.

ಯಾವ ಜೀವಿಗೆ ಯಾವ ಕೆಲಸ

ಬಟಾಣಿ, ಹುರುಳಿಕಾಯಿ, ಅಲಸಂದೆ, ಅವರೆ, ಗೋರಿಕಾಯಿಗಳಂತಹ ದ್ವಿದಳ ತರಕಾರಿಗಳಿಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಬೇಕು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಬೇರಿನ ಗಂಟುಗಳೊಳಗೆ ನೆಲೆಸಿದ ರೈಜೋಬಿಯಂ ಆ ಸಾರಜನಕವನ್ನು ಅಮೋನಿಯಾ ರೂಪಕ್ಕೆ ತಂದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆಯನ್ನು ಕೊಡುತ್ತದೆ. ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್‌ರೀಗಲ್ 1886ರಲ್ಲಿ ಈ ಸಂಬಂಧವನ್ನು ತೋರಿಸಿಕೊಟ್ಟರು. ಎರಡು ವರ್ಷಗಳ ಬಳಿಕ ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಜರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದರು. 1896ರಲ್ಲಿ ನೊಬ್ಬೆ ಮತ್ತು ಹಿಲ್ಟ್ನರ್ ಅದರ ತಯಾರಿಕೆಗೆ ಅಮೆರಿಕದ ಪೇಟೆಂಟ್ ಪಡೆದರು. ಸೂಕ್ಷ್ಮಾಣು ಗೊಬ್ಬರ ಇತ್ತೀಚಿನ ಹೊಸತೆಂದು ಭಾವಿಸುವವರು ಗಮನಿಸಬೇಕಾದ ಸಂಗತಿ ಇದು: ಅದರ ವ್ಯಾಪಾರಕ್ಕೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ.

ರೈಜೋಬಿಯಂ ಕೊಳ್ಳುವಾಗ ಹೆಚ್ಚಿನವರು ಎಡವುವುದು ಬೆಳೆಯ ಹೊಂದಾಣಿಕೆಯಲ್ಲಿ. ಬಟಾಣಿಯ ಬೇರಿನಲ್ಲಿ ಗಂಟು ಕಟ್ಟುವ ತಳಿ ಅಲಸಂದೆಯಲ್ಲಿ ಕಟ್ಟುವುದಿಲ್ಲ. ಅಲಸಂದೆ, ಅವರೆ, ಗೋರಿಕಾಯಿಗಳದು ಒಂದು ಗುಂಪಾದರೆ ಹುರುಳಿಕಾಯಿಯದು ಮತ್ತೊಂದು. ಆದ್ದರಿಂದ ಲೇಬಲ್ಲಿನ ಮೇಲೆ ಬರೀ 'ರೈಜೋಬಿಯಂ' ಎಂದಿದ್ದು ಬೆಳೆಯ ಹೆಸರಿಲ್ಲದಿದ್ದರೆ ಅಂಥ ಪೊಟ್ಟಣವನ್ನು ಕೊಳ್ಳದಿರುವುದೇ ಒಳ್ಳೆಯದು. ಹುರುಳಿಕಾಯಿ ದ್ವಿದಳ ತರಕಾರಿಗಳಲ್ಲಿಯೇ ಸಾರಜನಕ ಸ್ಥಿರೀಕರಣದಲ್ಲಿ ಹಿಂದುಳಿದದ್ದು ಎಂಬುದನ್ನೂ ನೆನಪಿಡಬೇಕು. ರೈಜೋಬಿಯಂ ಹಾಕಿದ ಬಳಿಕವೂ ಅದಕ್ಕೆ ಒಳ್ಳೆಯ ಕಾಂಪೋಸ್ಟಿನ ಆಸರೆ ಬೇಕಾಗುತ್ತದೆ.

ದ್ವಿದಳವಲ್ಲದ ತರಕಾರಿಗಳಿಗೆ ಶಿಫಾರಸಾಗುವ ಅಜೋಟೋಬ್ಯಾಕ್ಟರ್ ಮತ್ತು ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನಿರೀಕ್ಷೆಯನ್ನು ತಗ್ಗಿಸಿಕೊಳ್ಳಬೇಕು. ಬೈಜರಿಂಕ್ 1901ರಲ್ಲಿ ಗುರುತಿಸಿದ ಅಜೋಟೋಬ್ಯಾಕ್ಟರ್ ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕಿ ಸಾರಜನಕವನ್ನು ಸ್ಥಿರೀಕರಿಸುತ್ತದೆ ಎಂಬುದು ನಿಜ, ಆದರೆ ಅದಕ್ಕೆ ತಗಲುವ ಖರ್ಚು ಬಹಳ: ಒಂದು ಗ್ರಾಂ ಸಕ್ಕರೆಯನ್ನು ತಿಂದು ಅದು ಹಿಡಿದಿಡುವ ಸಾರಜನಕ ಸುಮಾರು 10 ಮಿಲಿಗ್ರಾಂ. ಹತ್ತು ಟನ್ ಟೊಮೆಟೊ ಹಣ್ಣು ಕೊಡುವ ಬೆಳೆ ಸುಮಾರು 25 ಕಿಲೋ ಸಾರಜನಕವನ್ನು ಬಯಸುತ್ತದೆ ಎಂದುಕೊಂಡರೆ, ಅಷ್ಟನ್ನೂ ಈ ಜೀವಿಯೇ ಒದಗಿಸಲು ಎರಡೂವರೆ ಟನ್ ಸಕ್ಕರೆಗೆ ಸಮನಾದ ಆಹಾರ ಅದಕ್ಕೆ ಸಿಗಬೇಕು. ಯಾವ ಹೊಲದಲ್ಲಿಯೂ ಅದು ನಡೆಯುವ ಮಾತಲ್ಲ. ಬ್ರೆಜಿಲಿನಲ್ಲಿ ಯೊಹಾನಾ ಡೊಬೆರೈನರ್ 1970ರ ದಶಕದಲ್ಲಿ ನಡೆಸಿದ ಅಧ್ಯಯನಗಳಿಂದ ಬೆಳಕಿಗೆ ಬಂದ ಅಜೋಸ್ಪಿರಿಲಂ ಬೇರಿಗೆ ಇನ್ನೂ ಹತ್ತಿರದಲ್ಲಿ ಬದುಕುವ ಜೀವಿ. ಆದರೆ ಅದರ ಉಪಕಾರದ ದೊಡ್ಡ ಪಾಲು ಬರುವುದು ಅದು ಸ್ರವಿಸುವ ಆಕ್ಸಿನ್ ಎಂಬ ಬೆಳವಣಿಗೆ ಚೋದಕದಿಂದ. ಅದರ ಪ್ರಭಾವದಲ್ಲಿ ಬೇರು ಹೆಚ್ಚು ಕವಲೊಡೆದು, ಬೇರುರೋಮಗಳು ದಟ್ಟವಾಗಿ, ಇದ್ದ ನೀರನ್ನೂ ಪೋಷಕಾಂಶವನ್ನೂ ಗಿಡ ಚೆನ್ನಾಗಿ ಹೀರಿಕೊಳ್ಳುತ್ತದೆ. ಇದೇನೂ ಸಣ್ಣ ಲಾಭವಲ್ಲ. ಹಾಗೆಂದು ಈ ಎರಡರ ಭರವಸೆಯ ಮೇಲೆ ಕೊಟ್ಟಿಗೆ ಗೊಬ್ಬರವನ್ನು ಅರ್ಧಕ್ಕಿಳಿಸಿದವರು ಎರಡನೆಯ ಬೆಳೆಯಲ್ಲಿ ಎಲೆ ಹಳದಿಯಾಗುವುದನ್ನು ನೋಡಬೇಕಾಗುತ್ತದೆ.

ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳು, ಅಂದರೆ ಸಾಮಾನ್ಯವಾಗಿ ಪಿಎಸ್‌ಬಿ ಎಂದು ಕರೆಯಲಾಗುವ ಬ್ಯಾಸಿಲಸ್ ಮತ್ತು ಸ್ಯೂಡೋಮೊನಾಸ್ ಜಾತಿಯ ಜೀವಿಗಳು, ಬೇರೆಯದೇ ಕೆಲಸ ಮಾಡುತ್ತವೆ. ಮಣ್ಣಿಗೆ ಬಿದ್ದ ರಂಜಕದ ಹೆಚ್ಚಿನ ಭಾಗ ಕ್ಷಾರ ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆಗೂ, ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆಗೂ ಸೇರಿ ಗಿಡಕ್ಕೆ ಎಟುಕದಂತಾಗುತ್ತದೆ. ಈ ಬ್ಯಾಕ್ಟೀರಿಯಾಗಳು ಗ್ಲುಕೋನಿಕ್ ಆಮ್ಲದಂತಹ ಸಾವಯವ ಆಮ್ಲಗಳನ್ನು ಬಿಟ್ಟು ಅದರಲ್ಲಿ ಸ್ವಲ್ಪವನ್ನು ಬಿಡಿಸುತ್ತವೆ. ಫಾಸ್ಫಟೇಸ್ ಎಂಬ ಕಿಣ್ವದ ಮೂಲಕ ಸಾವಯವ ವಸ್ತುವಿನೊಳಗಿನ ರಂಜಕವನ್ನೂ ಬಿಡುಗಡೆ ಮಾಡುತ್ತವೆ. ಪೊಟ್ಯಾಷ್ ಮತ್ತು ಸತುವನ್ನು ಕರಗಿಸುವ ಜೀವಿಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಇವೆಲ್ಲವೂ ಮಣ್ಣಿನ ಗಣಿ ಅಗೆಯುವ ಆಳುಗಳು. ಗಣಿಯಲ್ಲಿ ಇಲ್ಲದ್ದನ್ನು ಇವು ತರಲಾರವು. ಇದ್ದುದನ್ನು ಬೆಳೆಯ ಮೂಲಕ ಹೊರಗೆ ಸಾಗಿಸಿದ ಮೇಲೆ ಅದನ್ನು ಕಾಂಪೋಸ್ಟ್, ಶಿಲಾರಂಜಕ (ರಾಕ್ ಫಾಸ್ಫೇಟ್), ಬೂದಿ ಮುಂತಾದ ರೂಪದಲ್ಲಿ ನಾವೇ ಹಿಂದಿರುಗಿಸಬೇಕು. ಶಿಲಾರಂಜಕ ಹುಳಿ ಮಣ್ಣಿನಲ್ಲಿ ನೇರವಾಗಿ ಹಾಕಿದರೂ ನಿಧಾನವಾಗಿ ಕರಗುತ್ತದೆ. ಕ್ಷಾರ ಮಣ್ಣಿನಲ್ಲಿ ಅದು ಕಲ್ಲಾಗಿಯೇ ಉಳಿಯುವುದರಿಂದ ಅದನ್ನು ಕಾಂಪೋಸ್ಟ್ ಗುಂಡಿಯಲ್ಲಿಯೇ ಪಿಎಸ್‌ಬಿ ಜೊತೆ ಬೆರೆಸಿ ಕೊಳೆಸುವುದು ಸರಿಯಾದ ಕ್ರಮ.

ಮೈಕೊರೈಜಾ ಎಂಬ ಶಿಲೀಂಧ್ರವನ್ನು ಬೇರೆಯಾಗಿಯೇ ವಿವರಿಸಬೇಕಾಗಿದೆ, ಏಕೆಂದರೆ ತರಕಾರಿಗಳ ಪೋಷಣೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇದೇ. ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1885ರಲ್ಲಿ ಟಂಕಿಸಿದ ಈ ಪದದ ಅರ್ಥ 'ಶಿಲೀಂಧ್ರದ ಬೇರು' ಎಂದು. ನಲವತ್ತು ಕೋಟಿ ವರ್ಷಗಳಷ್ಟು ಹಳೆಯ ಸಸ್ಯ ಪಳೆಯುಳಿಕೆಗಳಲ್ಲಿಯೂ ಇದರ ಗುರುತು ಸಿಕ್ಕಿದೆ; ನೆಲದ ಮೇಲಿನ ಗಿಡಗಳು ಬೇರು ಬಿಡಲು ಕಲಿಯುವಾಗಲೇ ಈ ಗೆಳೆತನ ಕುದುರಿತ್ತು. ರಂಜಕ ಮಣ್ಣಿನಲ್ಲಿ ಬಹಳ ನಿಧಾನವಾಗಿ ಸರಿದಾಡುವ ಪೋಷಕಾಂಶವಾದ್ದರಿಂದ ಬೇರಿಗೆ ತೀರ ಹತ್ತಿರದ ಒಂದೆರಡು ಮಿಲಿಮೀಟರಿನಷ್ಟು ಜಾಗದಲ್ಲಿ ಅದು ಬೇಗನೆ ಬರಿದಾಗುತ್ತದೆ. ಬೇರಿನೊಳಗೆ ನೆಲೆಸಿ ಹೊರಗೆ ಕೆಲವು ಸೆಂಟಿಮೀಟರುಗಳವರೆಗೆ ಎಳೆಗಳನ್ನು ಚಾಚುವ ಮೈಕೊರೈಜಾ ಆ ಬರಿದಾದ ಜಾಗವನ್ನು ದಾಟಿ ರಂಜಕ, ಸತು ಮತ್ತು ತಾಮ್ರವನ್ನು ಹೊತ್ತು ತರುತ್ತದೆ. ಬೇರುರೋಮ ಕಡಿಮೆಯಿರುವ ಈರುಳ್ಳಿಗೆ ಇದರ ನೆರವು ಎದ್ದು ಕಾಣುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಸೌತೆ, ಕ್ಯಾರೆಟ್ ಮತ್ತು ದ್ವಿದಳ ತರಕಾರಿಗಳಿಗೂ ಇದು ಒಗ್ಗುತ್ತದೆ.

ಆದರೆ ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಇವುಗಳ ಕುಟುಂಬವೂ ಪಾಲಕ್, ಬೀಟ್‌ರೂಟ್‌ಗಳ ಕುಟುಂಬವೂ ಮೈಕೊರೈಜಾವನ್ನು ಬೇರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕೋಸಿನ ಗದ್ದೆಗೆ ಮೈಕೊರೈಜಾ ಹಾಕುವುದು ಹಣವನ್ನು ಮಣ್ಣಿನಲ್ಲಿ ಹೂಳಿದಂತೆಯೇ ಸರಿ. 'ಎಲ್ಲ ತರಕಾರಿಗಳಿಗೂ' ಎಂದು ಅಚ್ಚು ಹಾಕಿದ ಚೀಲಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ನಂಬಿ ಕೋಸಿನ ಸಸಿಗಳಿಗೆ ಬಳಸಿಯೂ ಆಗಿದೆ. ಅಂಥ ಬೆಳೆಗಳಿಗೆ ಪಿಎಸ್‌ಬಿ ಮತ್ತು ಅಜೋಸ್ಪಿರಿಲಂ ಸಾಕು.

ಕೊಳ್ಳುವಾಗ ನೋಡಬೇಕಾದದ್ದು

ಲೇಬಲ್ಲಿನಲ್ಲಿ ಜೀವಿಯ ಪೂರ್ಣ ಹೆಸರು, ಪ್ರತಿ ಗ್ರಾಂ ಅಥವಾ ಮಿಲಿಲೀಟರಿನಲ್ಲಿರುವ ಜೀವಂತ ಕೋಶಗಳ ಸಂಖ್ಯೆ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ ಮತ್ತು ಯಾವ ಬೆಳೆಗೆ ಎಂಬ ವಿವರ ಇರಲೇಬೇಕು. ಪುಡಿ ರೂಪದ ಗೊಬ್ಬರದಲ್ಲಿ ಪ್ರತಿ ಗ್ರಾಮಿಗೆ 5 ಕೋಟಿ, ದ್ರವ ರೂಪದಲ್ಲಿ ಪ್ರತಿ ಮಿಲಿಲೀಟರಿಗೆ 10 ಕೋಟಿ ಕೋಶಗಳಿಗಿಂತ ಕಡಿಮೆಯಿರುವುದನ್ನು ಆಯ್ದುಕೊಳ್ಳಬಾರದು. ಪುಡಿ ಮುಟ್ಟಿದರೆ ತೇವ ತಿಳಿಯಬೇಕು. ಪೂರ್ತಿ ಒಣಗಿ ಧೂಳಿನಂತಾಗಿದ್ದರೆ ಒಳಗಿನ ಜೀವಿಗಳ ಕಥೆ ಮುಗಿದಿದೆ ಎಂದೇ ತಿಳಿಯಬೇಕು. ಪುಡಿ ರೂಪದ್ದು ಸಾಮಾನ್ಯವಾಗಿ ಆರು ತಿಂಗಳು, ದ್ರವ ರೂಪದ್ದು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಆದರೆ ಈ ಅವಧಿ ತಂಪಾದ ನೆರಳಿನಲ್ಲಿಟ್ಟ ಪೊಟ್ಟಣಕ್ಕೆ ಮಾತ್ರ ಅನ್ವಯಿಸುತ್ತದೆ. ತಗಡಿನ ಮಾಡಿನ ಕೆಳಗೆ, ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ, ಕೀಟನಾಶಕ ಅಥವಾ ಸುಣ್ಣದ ಚೀಲಗಳ ಮಗ್ಗುಲಲ್ಲಿ ಇಟ್ಟದ್ದನ್ನು ಕೊಳ್ಳಲೂಬಾರದು, ಕೊಂಡ ಮೇಲೆ ಹಾಗೆ ಇಡಲೂಬಾರದು. ಫ್ರೀಜರಿನ ಹಿಮವೂ ಅವಕ್ಕೆ ಒಳ್ಳೆಯದಲ್ಲ.

ಹತ್ತು ಹದಿನೈದು ಜೀವಿಗಳನ್ನು ಒಂದೇ ಬಾಟಲಿಯಲ್ಲಿ ತುಂಬಿಸಿದ್ದೇವೆ ಎನ್ನುವ ಉತ್ಪನ್ನಗಳ ಬಗ್ಗೆ ಎಚ್ಚರ ಬೇಕು. ಒಗ್ಗಿ ಬಾಳುವ ಎರಡು ಮೂರು ಜೀವಿಗಳ ಮಿಶ್ರಣ ಸಾಧ್ಯ ಮತ್ತು ಉಪಯುಕ್ತ; ಪಟ್ಟಿ ಉದ್ದವಾದಂತೆ ಪ್ರತಿಯೊಂದರ ಸಂಖ್ಯೆಯನ್ನು ಲೇಬಲ್ಲು ಹೇಳದೆ ಬಿಡುವುದೇ ಹೆಚ್ಚು. ಸಾವಯವ ಪ್ರಮಾಣಪತ್ರ ಪಡೆದಿರುವವರು ವಾಹಕದಲ್ಲಿ ಮತ್ತು ದ್ರವದಲ್ಲಿ ಸೇರಿಸಿರುವ ಇತರ ವಸ್ತುಗಳಿಗೂ ಅನುಮತಿಯಿದೆಯೇ ಎಂದು ಬಳಸುವ ಮೊದಲೇ ಪ್ರಮಾಣೀಕರಣ ಸಂಸ್ಥೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಮಣ್ಣಿನ ಸಿದ್ಧತೆ

ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ ರಸಸಾರ (ಹುಳಿ-ಕ್ಷಾರದ ಅಳತೆಯಾದ ಪಿಎಚ್), ಸಾವಯವ ಇಂಗಾಲ ಮತ್ತು ಲಭ್ಯ ರಂಜಕ, ಈ ಮೂರನ್ನಾದರೂ ತಿಳಿದಿರಬೇಕು. ಬಹುತೇಕ ಉಪಯುಕ್ತ ಬ್ಯಾಕ್ಟೀರಿಯಾಗಳು ರಸಸಾರ 6ರಿಂದ 7.5ರ ನಡುವೆ ಚುರುಕಾಗಿರುತ್ತವೆ. ಮಣ್ಣು ಹೆಚ್ಚು ಹುಳಿಯಾಗಿದ್ದರೆ ಸುಣ್ಣ ಹಾಕಬೇಕು, ಆದರೆ ಸೂಕ್ಷ್ಮಾಣು ಗೊಬ್ಬರದ ಜೊತೆಗಲ್ಲ. ಅದಕ್ಕೆ ಎರಡು ಮೂರು ವಾರ ಮೊದಲು ಹಾಕಿ ಮಣ್ಣಿನಲ್ಲಿ ಬೆರೆಸಿರಬೇಕು. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಪೊಟ್ಟಣಕ್ಕೆ ಖರ್ಚು ಮಾಡುವ ಹಣವನ್ನು ಆ ವರ್ಷ ಕಾಂಪೋಸ್ಟ್ ಮತ್ತು ಹಸಿರೆಲೆ ಗೊಬ್ಬರಕ್ಕೆ ಹಾಕುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಉಣ್ಣಲು ಇಲ್ಲದ ಮನೆಗೆ ಆಳುಗಳನ್ನು ಕರೆತಂದು ಪ್ರಯೋಜನವಿಲ್ಲ.

ಕೊಡುವ ಆಹಾರ ಎಂಥದ್ದು ಎಂಬುದೂ ಮುಖ್ಯ. ಒಣ ಹುಲ್ಲು, ಮರದ ಹೊಟ್ಟು ಮುಂತಾದವುಗಳಲ್ಲಿ ಇಂಗಾಲ ಹೇರಳವಾಗಿದ್ದು ಸಾರಜನಕ ಅತ್ಯಲ್ಪವಾಗಿರುತ್ತದೆ. ಅವನ್ನು ಕೊಳೆಸದೆ ಹಾಗೆಯೇ ಮಣ್ಣಿಗೆ ಬೆರೆಸಿದರೆ ಕೊಳೆಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಂಡು ಗಿಡವನ್ನು ಕೆಲವು ವಾರ ಉಪವಾಸ ಕೆಡವುತ್ತವೆ. ಚೆನ್ನಾಗಿ ಮಾಗಿದ, ಮಣ್ಣಿನ ವಾಸನೆ ಬರುವ, ಮುಟ್ಟಿದರೆ ಬಿಸಿಯಿರದ ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಈ ಕೆಲಸಕ್ಕೆ ಯೋಗ್ಯ. ಒಣ ಹುಲ್ಲನ್ನು ಮೇಲೆ ಹೊದಿಕೆಯಾಗಿ ಹಾಸುವುದರಲ್ಲಿ ತೊಂದರೆಯಿಲ್ಲ, ಅದು ತೇವವನ್ನೂ ತಂಪನ್ನೂ ಕಾಪಾಡುತ್ತದೆ. ಹಸಿ ಸಗಣಿಯಲ್ಲಿ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಗಳಿರಬಹುದಾದ್ದರಿಂದ ಸೌತೆ, ಕ್ಯಾರೆಟ್, ಸೊಪ್ಪುಗಳಂತೆ ಹಸಿಯಾಗಿ ತಿನ್ನುವ ತರಕಾರಿಗಳ ಮಡಿಗೆ ಅದನ್ನು ಹಾಕಲೇಬಾರದು. ಹಾಕಿದ್ದೇ ಆದರೆ ಕೊಯ್ಲಿಗೂ ಅದಕ್ಕೂ ನಾಲ್ಕು ತಿಂಗಳ ಅಂತರವಿರಬೇಕು.

ಬೇರಿಗೆ ತಲುಪಿಸುವ ನಾಲ್ಕು ದಾರಿ

ದಪ್ಪ ಬೀಜದ ಬೆಳೆಗಳಿಗೆ, ಅದರಲ್ಲಿಯೂ ದ್ವಿದಳ ತರಕಾರಿಗಳಿಗೆ, ಬೀಜೋಪಚಾರವೇ ಅತ್ಯುತ್ತಮ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಅಥವಾ ಸಕ್ಕರೆ ಹಾಕಿ, ಕುದಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಬೆಚ್ಚಗಿನ ಪಾಕಕ್ಕೆ ಆತುರದಿಂದ ಪುಡಿ ಸುರಿದರೆ ಅಲ್ಲಿಗೇ ಕೆಲಸ ಕೆಡುತ್ತದೆ. ತಣಿದ ಪಾಕದಲ್ಲಿ 200 ಗ್ರಾಂ ರೈಜೋಬಿಯಂ ಪುಡಿಯನ್ನು ಗಂಟಿಲ್ಲದಂತೆ ಕಲಸಿ, ಸುಮಾರು 10 ಕಿಲೋ ಬೀಜದ ಮೇಲೆ ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತಾ, ಪ್ರತಿ ಬೀಜಕ್ಕೂ ತೆಳುವಾದ ಲೇಪ ಹತ್ತುವಂತೆ ಕೈಯಿಂದ ಹಗುರವಾಗಿ ಹೊರಳಿಸಬೇಕು. ದ್ರಾವಣವನ್ನೆಲ್ಲ ಮುಗಿಸಲೇಬೇಕೆಂದಿಲ್ಲ, ಬೀಜ ತೊಯ್ದು ಸಿಪ್ಪೆ ಸುಲಿಯುವಂತಾಗಬಾರದು. ಲೇಪಿಸಿದ ಬೀಜವನ್ನು ನೆರಳಿನಲ್ಲಿ ಚೀಲದ ಮೇಲೆ ಹರಡಿ, ಅರ್ಧ ಗಂಟೆ ಆರಿಸಿ, ಅದೇ ದಿನ ತೇವವಿರುವ ಮಣ್ಣಿನಲ್ಲಿ ಬಿತ್ತಬೇಕು. ದ್ರವ ರೂಪದ್ದಾದರೆ ಪ್ರತಿ ಕಿಲೋ ಬೀಜಕ್ಕೆ 3ರಿಂದ 5 ಮಿ.ಲೀ. ಸಾಕಾಗುತ್ತದೆ. ಬಣ್ಣ ಹಚ್ಚಿ ಬರುವ ಬೀಜಗಳಿಗೆ ಶಿಲೀಂಧ್ರನಾಶಕ ಲೇಪನವಾಗಿರುವ ಸಾಧ್ಯತೆ ಹೆಚ್ಚು. ಅಂಥ ಬೀಜಗಳಲ್ಲಿ ರೈಜೋಬಿಯಂ ಉಳಿಯುವುದು ಕಷ್ಟ, ಸಾವಯವ ಕೃಷಿಗೆ ಅವು ಒಪ್ಪುವುದೂ ಇಲ್ಲ.

ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸುಗಳಂತಹ ಸಣ್ಣ ಬೀಜದ ಬೆಳೆಗಳಲ್ಲಿ ಬೀಜದ ಮೇಲೆ ಅಂಟುವ ಪುಡಿ ಅತ್ಯಲ್ಪ. ಅವುಗಳಿಗೆ ಸಸಿಮಡಿಯೇ ಸರಿಯಾದ ಜಾಗ. ಸೂಕ್ಷ್ಮಾಣು ಗೊಬ್ಬರವನ್ನು ಒಂದೇ ಒಂದು ಕಡೆ ಬಳಸಲು ಅವಕಾಶವಿದ್ದರೆ ನಾನು ಆಯ್ದುಕೊಳ್ಳುವುದು ಪ್ರೋಟ್ರೇಯನ್ನು, ಅಂದರೆ ಸಸಿ ಬೆಳೆಸುವ ಗುಳಿಗಳಿರುವ ತಟ್ಟೆಯನ್ನು. ಅಲ್ಲಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಹುಳು ಗೊಬ್ಬರದ ಮಿಶ್ರಣದಲ್ಲಿ ಹೊಲದ ಮಣ್ಣಿನಷ್ಟು ಪೈಪೋಟಿಯಿಲ್ಲ, ಗಿಡವೊಂದಕ್ಕೆ ಬೇಕಾದ ಪ್ರಮಾಣ ಬಹಳ ಕಡಿಮೆ, ಮೊಳಕೆಯ ಮೊದಲ ಬೇರೇ ಜೀವಿಗಳ ನಡುವೆ ಇಳಿಯುತ್ತದೆ, ಮತ್ತು ಮೂರು ನಾಲ್ಕು ವಾರಗಳ ಬಳಿಕ ಸಸಿ ಹೊಲಕ್ಕೆ ಹೋಗುವಾಗ ಬೇರಿನ ಮೇಲೆ ಬೀಡು ಬಿಟ್ಟ ಪಡೆಯನ್ನೇ ಜೊತೆಗೆ ಒಯ್ಯುತ್ತದೆ. ಪ್ರತಿ ಕಿಲೋ ಮಿಶ್ರಣಕ್ಕೆ 10 ಗ್ರಾಮಿನಂತೆ ಅಜೋಸ್ಪಿರಿಲಂ ಮತ್ತು ಪಿಎಸ್‌ಬಿಯನ್ನು ಬೆರೆಸಿ, ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗುವಷ್ಟು, ಆದರೆ ನೀರು ಒಸರದಷ್ಟು ತೇವ ಮಾಡಿ, ನೆರಳಿನಲ್ಲಿ ಒಂದೆರಡು ದಿನ ಮುಚ್ಚಿಟ್ಟು ಟ್ರೇಗಳಿಗೆ ತುಂಬಬೇಕು.

ಮೈಕೊರೈಜಾ ಬಳಸುವಾಗ ಅದರ ಬೀಜಾಣುಗಳು ಬೇರನ್ನು ಮುಟ್ಟಲೇಬೇಕು, ಏಕೆಂದರೆ ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯಲಾರದು. ಬ್ಯಾಕ್ಟೀರಿಯಾದಂತೆ ಇದನ್ನು ಸಕ್ಕರೆ ನೀರಿನಲ್ಲಿ ಹುದುಗಿಸಿ ಹೆಚ್ಚಿಸಿಕೊಳ್ಳುತ್ತೇವೆ ಎನ್ನುವ ಸಲಹೆಗಳು ನಿಷ್ಪ್ರಯೋಜಕ. ನೆಲದ ಸಸಿಮಡಿಯಲ್ಲಿ ಪ್ರತಿ ಚದರ ಮೀಟರಿಗೆ 100 ಗ್ರಾಮಿನಂತೆ, ಬೀಜ ಬೀಳುವ ಜಾಗಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ ಪದರವಾಗಿ ಹರಡಿ ಮಣ್ಣು ಮುಚ್ಚಿದರೆ ಇಳಿಯುವ ಬೇರು ಅದನ್ನು ದಾಟಿಯೇ ಹೋಗಬೇಕಾಗುತ್ತದೆ. ನೇರವಾಗಿ ನಾಟಿ ಮಾಡುವಲ್ಲಿ ಪ್ರತಿ ಗುಳಿಯಲ್ಲಿ 5 ಗ್ರಾಂ ಹಾಕಿ ಅದರ ಮೇಲೆಯೇ ಸಸಿಯನ್ನು ಕೂರಿಸಬಹುದು. ಲಭ್ಯ ರಂಜಕ ಈಗಾಗಲೇ ಹೆಚ್ಚಿರುವ ಮಣ್ಣಿನಲ್ಲಿ ಗಿಡ ಈ ಶಿಲೀಂಧ್ರಕ್ಕೆ ಸಕ್ಕರೆ ಕೊಟ್ಟು ಸಾಕುವ ಗೋಜಿಗೆ ಹೋಗುವುದಿಲ್ಲ. ವರ್ಷಗಳಿಂದ ಕೋಳಿ ಗೊಬ್ಬರ ಸುರಿದ ತೋಟಗಳಲ್ಲಿ ಮೈಕೊರೈಜಾ ಕೆಲಸ ಮಾಡಲಿಲ್ಲ ಎಂಬ ದೂರು ಕೇಳಿಬರಲು ಬಹುಮಟ್ಟಿಗೆ ಇದೇ ಕಾರಣ.

ಸಸಿಮಡಿಯಲ್ಲಿ ಅವಕಾಶ ತಪ್ಪಿದ್ದರೆ ನಾಟಿಯ ದಿನ ಬೇರನ್ನು ಅದ್ದಬಹುದು. ಒಂದು ಕಿಲೋ ಪುಡಿಯನ್ನು 10ರಿಂದ 15 ಲೀಟರ್ ನೀರಿನಲ್ಲಿ ಕಲಕಿ, ಸಸಿಗಳ ಬೇರನ್ನು 20ರಿಂದ 30 ನಿಮಿಷ ಅದರಲ್ಲಿಟ್ಟು, ಸಂಜೆಯ ಹೊತ್ತಿಗೆ ನೆಡಬೇಕು. ಪ್ರೋಟ್ರೇಯ ಸಸಿಯಾದರೆ ಬೇರಿನ ಮುದ್ದೆಯನ್ನು ಬಿಡಿಸಬೇಕಾಗಿಲ್ಲ. ಮುದ್ದೆಯೇ ದ್ರಾವಣವನ್ನು ಹೀರಿಕೊಳ್ಳುತ್ತದೆ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟ ಬಳಿಕವೇ ಬಳಸಬೇಕು.

ಮಣ್ಣಿಗೆ ನೇರವಾಗಿ ಕೊಡುವುದು ಕೊನೆಯ ದಾರಿ. ಎಕರೆಗೆ ಎರಡೆರಡು ಕಿಲೋ ಅಜೋಸ್ಪಿರಿಲಂ ಮತ್ತು ಪಿಎಸ್‌ಬಿಯನ್ನು 100 ಕಿಲೋ ಮಾಗಿದ ಗೊಬ್ಬರದಲ್ಲಿ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಗೋಣಿಚೀಲದಿಂದ ಮುಚ್ಚಿ ಐದಾರು ದಿನ ಇಟ್ಟರೆ ಜೀವಿಗಳು ಹೊಲಕ್ಕೆ ಇಳಿಯುವ ಮೊದಲೇ ಹೆಚ್ಚಿಕೊಳ್ಳುತ್ತವೆ. ಅನಂತರ ಅದನ್ನು ಇಡೀ ಹೊಲಕ್ಕೆ ಎರಚದೆ ನಾಟಿ ಸಾಲಿನಲ್ಲಿ ಅಥವಾ ಗಿಡದ ಬುಡದಲ್ಲಿ ಹಾಕಿ, ಮಣ್ಣು ಎಳೆದು, ನೀರು ಕೊಡಬೇಕು. ಹನಿ ನೀರಾವರಿಯಲ್ಲಿ ದ್ರವ ರೂಪದ್ದನ್ನು ಸೋಸಿ ಬಿಡಬಹುದು. ಆದರೆ ಕೊಳವೆಗಳನ್ನು ಆಮ್ಲ ಅಥವಾ ಕ್ಲೋರಿನ್‌ನಿಂದ ತೊಳೆದಿದ್ದರೆ ಚೆನ್ನಾಗಿ ನೀರು ಹರಿಸಿದ ಬಳಿಕವೇ ಅದಕ್ಕೆ ಕೈ ಹಾಕಬೇಕು.

ಕೂಡಿಬಾರದವು

ಸಾವಯವ ಕೃಷಿಯಲ್ಲಿ ಅನುಮತಿಯಿರುವ ವಸ್ತುಗಳೆಲ್ಲವೂ ಸೂಕ್ಷ್ಮಾಣುಗಳಿಗೆ ಮಿತ್ರರಲ್ಲ. ಬೋರ್ಡೋ ದ್ರಾವಣವೂ ತಾಮ್ರದ ಇತರ ಔಷಧಗಳೂ ಬ್ಯಾಕ್ಟೀರಿಯಾವನ್ನು, ಶಿಲೀಂಧ್ರವನ್ನು ಒಟ್ಟಿಗೇ ಕೊಲ್ಲುತ್ತವೆ; ತಾಮ್ರ ಮಣ್ಣಿನಿಂದ ಹೊರಹೋಗದೆ ವರ್ಷದಿಂದ ವರ್ಷಕ್ಕೆ ಕೂಡುತ್ತದೆ ಎಂಬುದು ಇನ್ನೊಂದು ಕಾರಣ. ಬೂದಿಯನ್ನೂ ಸುಣ್ಣವನ್ನೂ ಪೊಟ್ಟಣದ ಪುಡಿಯೊಂದಿಗೆ ಕಲಸಬಾರದು. ರೋಗ ನಿಯಂತ್ರಣಕ್ಕೆ ಬಳಸುವ ಟ್ರೈಕೋಡರ್ಮಾವನ್ನು ಬೇಡವೆನ್ನಬೇಕಾಗಿಲ್ಲ, ಆದರೆ ಅದು ಇತರ ಶಿಲೀಂಧ್ರಗಳ ಮೇಲೆ ಎರಗುವ ಸ್ವಭಾವದ್ದಾದ್ದರಿಂದ ಮೈಕೊರೈಜಾ ಬೇರಿನೊಳಗೆ ನೆಲೆಯೂರಲು ಎರಡು ವಾರ ಬಿಟ್ಟು ಹಾಕುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಆಗಾಗ ಆಳವಾಗಿ ಅಗೆಯುವುದು, ಬೆಳೆಯಿಲ್ಲದೆ ಮಣ್ಣನ್ನು ತಿಂಗಳುಗಟ್ಟಲೆ ಬಿಸಿಲಿಗೆ ಬಿಡುವುದು, ಇವೂ ಮೈಕೊರೈಜಾದ ಎಳೆಗಳನ್ನು ಹರಿದು ಹಸಿವಿಗೆ ದೂಡುತ್ತವೆ.

ದ್ವಿದಳ ಬೆಳೆಗೆ ಸಾರಜನಕ ತುಂಬಿದ ಗೊಬ್ಬರವನ್ನು ಧಾರಾಳವಾಗಿ ಕೊಟ್ಟರೆ ಬೇರು ಗಂಟು ಕಟ್ಟುವುದನ್ನೇ ಬಿಡುತ್ತದೆ. ಪುಕ್ಕಟೆ ಊಟ ಸಿಗುವಾಗ ಅಡುಗೆಯವನನ್ನು ಸಾಕುವ ಅಗತ್ಯ ಗಿಡಕ್ಕಿಲ್ಲ. ಅದರ ಬದಲು ರಂಜಕ ಮತ್ತು ಮಾಲಿಬ್ಡಿನಂ ಸಾಕಷ್ಟಿವೆಯೇ ನೋಡಬೇಕು. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವದ ರಚನೆಯಲ್ಲಿಯೇ ಮಾಲಿಬ್ಡಿನಂ ಮತ್ತು ಕಬ್ಬಿಣಗಳಿವೆ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಗಿಡಕ್ಕೆ ದಕ್ಕುವುದಿಲ್ಲವಾದ್ದರಿಂದ ಅಂಥಲ್ಲಿ ಸುಣ್ಣವೇ ಎಷ್ಟೋ ಸಲ ಪರಿಹಾರವಾಗುತ್ತದೆ.

ತರಕಾರಿಯ ಸತ್ವದ ಬಗ್ಗೆ ಒಂದು ಮಾತು

ಸೂಕ್ಷ್ಮಾಣು ಗೊಬ್ಬರ ಬಳಸಿದ ತರಕಾರಿಯಲ್ಲಿ ವಿಟಮಿನ್ನುಗಳು ಇಷ್ಟು ಪಟ್ಟು ಹೆಚ್ಚು ಎಂಬ ಜಾಹೀರಾತುಗಳನ್ನು ಹಾಗೆಯೇ ನಂಬಬಾರದು. ವಿಟಮಿನ್ನಿನ ಪ್ರಮಾಣವನ್ನು ತಳಿ, ಬೆಳಕು, ಹಣ್ಣು ಮಾಗಿದ ಹಂತ ಮತ್ತು ಕೊಯ್ಲಿನ ಬಳಿಕ ಕಳೆದ ಸಮಯ ಬಹುಮಟ್ಟಿಗೆ ನಿರ್ಧರಿಸುತ್ತವೆ. ಖನಿಜಾಂಶಗಳ ವಿಷಯ ಸ್ವಲ್ಪ ಬೇರೆ: ಸತುವಿನ ಕೊರತೆಯಿರುವ ಮಣ್ಣಿನಲ್ಲಿ ಮೈಕೊರೈಜಾ ಗಿಡದೊಳಗಿನ ಸತುವನ್ನು ಹೆಚ್ಚಿಸುವುದಕ್ಕೆ ಗಟ್ಟಿಯಾದ ಕಾರಣವಿದೆ. ಅದೇ ಮಣ್ಣಿಗೆ ರಂಜಕವನ್ನು ಅತಿಯಾಗಿ ಕೊಟ್ಟರೆ ಮೈಕೊರೈಜಾ ಕುಗ್ಗಿ ಸತುವೂ ಇಳಿಯಬಹುದು. ಹೀಗಾಗಿ ಸತ್ವಯುತ ತರಕಾರಿ ಬೇಕೆನ್ನುವವರು ಗೊಬ್ಬರದ ಅಳತೆಯಲ್ಲಿ ಸಂಯಮ ತೋರುವುದೂ ಈ ಕೆಲಸದ ಭಾಗವೇ.

ಕೆಲಸ ನಡೆದಿದೆಯೇ ಎಂದು ನೋಡುವುದು

ದ್ವಿದಳ ಬೆಳೆಯಲ್ಲಿ ಇದು ಸುಲಭ. ಬಿತ್ತಿದ 30ರಿಂದ 45 ದಿನಗಳೊಳಗೆ, ಹೂವು ಬರುವ ಹೊತ್ತಿಗೆ, ಬೇರೆ ಬೇರೆ ಜಾಗದ ಐದಾರು ಗಿಡಗಳನ್ನು ಕೀಳದೆ ಗುದ್ದಲಿಯಿಂದ ಮಣ್ಣಿನ ಸಮೇತ ಅಗೆದು ತೆಗೆದು, ನೀರಿನಲ್ಲಿ ನೆನೆಸಿ ಮಣ್ಣನ್ನು ಬಿಡಿಸಬೇಕು. ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲಿಯೇ ಉದುರಿ ಉಳಿಯುತ್ತವೆ. ತಾಯಿಬೇರಿನ ಮೇಲ್ಭಾಗದಲ್ಲಿ ದಪ್ಪ ಗಂಟುಗಳು ಗುಂಪಾಗಿದ್ದರೆ ಹಾಕಿದ ತಳಿ ನೆಲೆಯೂರಿದೆ ಎಂದು ಊಹಿಸಬಹುದು. ಒಂದೆರಡನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಸ್ಥಿರೀಕರಣ ನಡೆಯುತ್ತಿದೆ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್ನಿನದು. ಬಿಳಿಯ ಗಂಟು ಇನ್ನೂ ಎಳೆಯದೋ ನಿಷ್ಕ್ರಿಯವೋ ಆಗಿರುತ್ತದೆ, ಹಸಿರು ಅಥವಾ ಕಂದು ಬಣ್ಣದ್ದು ಮುದಿಯಾದದ್ದು. ಬೇರಿಗೆ ಒಂದು ಮಗ್ಗುಲಲ್ಲಿ ಅಂಟಿಕೊಂಡಂತಿದ್ದು ತಿಕ್ಕಿದರೆ ಉದುರುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡು ಗಂಟಾಗಿದ್ದರೆ ಅದು ಬೇರಿನ ಜಂತುಹುಳುವಿನ (ನೆಮಟೋಡ್) ಬಾಧೆಯಾಗಿದ್ದು, ಸಂತೋಷಪಡುವ ವಿಷಯವಲ್ಲ.

ಉಳಿದ ಬೆಳೆಗಳಲ್ಲಿ ಬರಿಗಣ್ಣಿಗೆ ಅಂಥ ಗುರುತಿಲ್ಲ. ಆದ್ದರಿಂದ ಹೋಲಿಕೆಗೆ ಕೆಲವು ಸಾಲುಗಳನ್ನು ಬಿಡಲೇಬೇಕು. ಹಾಕಿದ ಮೂರು ಸಾಲು, ಹಾಕದ ಮೂರು ಸಾಲು, ಅವನ್ನು ಒಂದು ಬಿಟ್ಟು ಒಂದರಂತೆ ಹಂಚಿ, ನೀರು, ಗೊಬ್ಬರ, ಕಳೆ ಎಲ್ಲವನ್ನೂ ಸಮವಾಗಿ ನಡೆಸಿ, ಕೊಯ್ಲನ್ನು ಬೇರೆ ಬೇರೆಯಾಗಿ ತೂಗಿ ಬರೆದಿಡಬೇಕು. ಇನ್ನೂ ಕಟ್ಟುನಿಟ್ಟಾಗಿ ತಿಳಿಯಬೇಕೆನ್ನುವವರು 'ಹಾಕದ' ಸಾಲಿಗೆ, ಅದೇ ಪೊಟ್ಟಣದ ಪುಡಿಯನ್ನು ನೀರಿನಲ್ಲಿ ಕುದಿಸಿ ತಣಿಸಿ ಹಾಕಬಹುದು. ವಾಹಕದ ಪೋಷಕಾಂಶ ಎರಡೂ ಕಡೆ ಒಂದೇ ಆಗುವುದರಿಂದ ಕಂಡ ವ್ಯತ್ಯಾಸ ಜೀವಿಗಳದೇ ಎಂದು ಹೇಳಲು ಬರುತ್ತದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಏನೂ ವ್ಯತ್ಯಾಸ ಕಾಣದ ಸಾಲುಗಳೂ ಇವೆ, ಮುಖ್ಯವಾಗಿ ಕಾಂಪೋಸ್ಟ್ ತುಂಬಿದ ಹಳೆಯ ಮಡಿಗಳಲ್ಲಿ. ಅಂಥ ಮಡಿಗಳಿಗೆ ನಾನು ಈಗ ಸಸಿಯ ಹಂತದಲ್ಲಿ ಮಾತ್ರ ಸೂಕ್ಷ್ಮಾಣು ಗೊಬ್ಬರ ಕೊಡುತ್ತೇನೆ. ದ್ವಿದಳ ಬೆಳೆಯನ್ನು ಮೊದಲ ಬಾರಿಗೆ ಬಿತ್ತುವ ನೆಲಕ್ಕೆ ರೈಜೋಬಿಯಂ ತಪ್ಪಿಸುವುದಿಲ್ಲ. ಅದೇ ಬೆಳೆ ಮೂರು ನಾಲ್ಕು ವರ್ಷದೊಳಗೆ ಅಲ್ಲಿ ಬಂದು ಗಂಟು ಚೆನ್ನಾಗಿ ಕಟ್ಟಿದ್ದರೆ, ಮುಂದಿನ ಬಿತ್ತನೆಗೆ ಮೊದಲು ಹಳೆಯ ಟಿಪ್ಪಣಿಯನ್ನು ತೆರೆದು ನೋಡಿಯೇ ಪೊಟ್ಟಣ ಕೊಳ್ಳುತ್ತೇನೆ.